ಸೊನ್ನೆ ಓದಿದ ಡಬ್ಬಿ

ಈಗಿನ ಮನೆ ಸಿಗುವ ಮೊದಲು ಜಯಮಾಲಾ ಬಾಡಿಗೆಗೆಂದು ನೋಡಿದ ಮನೆಗಳಲ್ಲೆಲ್ಲ ಬಾಗಿಲು ತೆರೆದವರ ಧಾಟಿ ಒಂದೇ. ಆಕೆ ನೀರು ಎಷ್ಟು ದಿನಕ್ಕೊಮ್ಮೆ ಬರುತ್ತದೆ ಎಂದು ಕೇಳುವಳು. ಅವರು ಆಕೆಯ ಅಡ್ಡಹೆಸರು ಕೇಳುವರು. ಅಡ್ಡಹೆಸರು ಹೇಳಿದರೆ ಊರು. ಊರು ಹೇಳಿದರೆ ಓಣಿ. ಓಣಿಯನ್ನೂ ಹೇಳಿದ ಮೇಲೆ ಒಳಗಿನಿಂದ ಒಂದು ದನಿ, "ಮನಿ ಕೊಟ್ಟಬಿಟ್ಟೇವ್ರಿ, ನಿನ್ನೇನ ಮಾತಾತು." ಒಬ್ಬ ಮುದುಕಿಯಂತೂ ಕರುಣೆಯಿಂದಲೇ, "ನೀವು ಯಾರ ಪೈಕಿ ಅಂತ ಕೆಳಗ ನಿಂತ ಹೇಳಿಬಿಡವಾ, ಸುಮ್ನ ಯಾಕ ಮೆಟ್ಲ ಹತ್ತಿ ಕಾಲ ನೋಯಿಸ್ಕೊಳ್ಳತಿ" ಎಂದಳು. "ಪಂಪಿನ ಡಬ್ಬಿ ಮಾಡೋರ ಪೈಕಿರಿ ಅಮ್ಮಾ" ಎಂದು ಹೇಳಿ ಜಯಮಾಲಾ ಹೊರಟು ಬಂದಿದ್ದಳು.

ಮನುಷ್ಯರನ್ನು ಹೊಸ್ತಿಲು ದಾಟಿಸುವ ಮುಂಚೆ ಇಷ್ಟೊಂದು ಸೋಸುವ ಜನ ನಾವು. ಸೋಸಬೇಕಾದದ್ದನ್ನು ಮಾತ್ರ ಹೇಗೆ ಬಂತೋ ಹಾಗೆ ಒಳಗೆ ಬಿಟ್ಟುಕೊಳ್ಳುತ್ತೇವೆ. ಒಂದು ಅಂಕಿಯನ್ನು ಸೋಸದೆ ಒಳಗೆ ಬಿಟ್ಟದ್ದರಿಂದ ಒಬ್ಬ ಮನುಷ್ಯನ ಮಾತು ಸುಳ್ಳಾಗಿ ಹೋಯಿತು. ಅದನ್ನು ಮತ್ತೆ ಖರೆ ಮಾಡಲು ಜಯಮಾಲಾ ಏನು ಮಾಡಿದಳು ಎಂಬುದನ್ನು ಹೇಳಬೇಕಾಗಿದೆ.

ಕೊನೆಗೆ ಬೆಂಗೇರಿಯಲ್ಲಿ, ಮಾಲೀಕರು ಪರಊರಲ್ಲಿದ್ದು ದಲಾಲನೊಬ್ಬ ಎಲ್ಲ ನೋಡಿಕೊಳ್ಳುವ ಮನೆಯ ಮಾಳಿಗೆ ಸಿಕ್ಕಿತು. ಅಲ್ಲಿ ಆಕೆಯನ್ನು ಯಾರೂ ಏನೂ ಕೇಳಲಿಲ್ಲ. ಆಮೇಲೆ ಕೂಡ ಕೇಳಲಿಲ್ಲ. ತಾಯಿ ಸಾವಂತ್ರೆವ್ವ ಇರುವ ತನಕ ಸಂಜೆ ಎರಡು ದನಿಗಳಾದರೂ ಇದ್ದವು. ತಾಯಿ ತೀರಿಕೊಂಡ ಮೇಲೆ ಗೋಡೆಯ ಮೇಲೆ ಬುದ್ಧನ ಫೋಟೋದ ಪಕ್ಕಕ್ಕೆ ತಾಯಿಯ ಫೋಟೋ ಬಂತು, ಇಬ್ಬರೂ ಮಾತಾಡುವವರಲ್ಲ. ಅಣ್ಣ ಗೌತಮ ಕಲಬುರ್ಗಿಯಲ್ಲಿ ಸರಕಾರಿ ನೌಕರ, ಹುಣ್ಣಿಮೆಗೊಮ್ಮೆ ಅಮಾವಾಸ್ಯೆಗೊಮ್ಮೆ ಫೋನು. ಶನಿವಾರ ಶೆಡ್ಡಿನಿಂದ ಹೊರಬಿದ್ದವಳು ಸೋಮವಾರ ಮತ್ತೆ ಅಲ್ಲಿಗೆ ಹೋಗುವ ತನಕ ತರಕಾರಿಯವಳ ಹೊರತು ಇನ್ಯಾರ ಮುಂದೆಯೂ ಬಾಯಿ ತೆರೆಯದ ವಾರಗಳಿದ್ದವು. ಸೋಮವಾರ ಮುಂಜಾನೆ ಮೊದಲ ಮಾತು ಆಡುವಾಗ ಗಂಟಲು ಕರಕರ ಎನ್ನುತ್ತಿತ್ತು.

ಶೆಡ್ಡು ಇದ್ದದ್ದು ವಿದ್ಯಾನಗರದ ಹಿಂಬದಿಯಲ್ಲಿ. ಒಡೆಯ ರಾಜಶೇಖರ, ಅರಳೆ ವ್ಯಾಪಾರಸ್ಥರ ಮನೆತನದವನು. ಅಪ್ಪನ ಅರಳೆ ಬಿಟ್ಟು ಪಂಪ್‌ಹೌಸುಗಳಿಗೆ ಡಬ್ಬಿ ಮಾಡುವ ಧಂದೆಗೆ ಇಳಿದಿದ್ದ. ಬೂಟಿನ ಡಬ್ಬಿಯಷ್ಟು ದೊಡ್ಡದು. ಒಳಗೊಂದು ಸಿಮ್ ಕಾರ್ಡು. ನೀರು ಬಿಡುವವನು ತನ್ನ ಫೋನಿನಿಂದ ಡಬ್ಬಿಯ ನಂಬರಿಗೆ ಎಷ್ಟು ತಾಸು ಎಂಬ ಅಂಕಿಯೊಂದನ್ನು ಮೆಸೇಜು ಹಾಕಿದರೆ ಸಾಕು, ಮೋಟರ್ ಅಷ್ಟು ತಾಸು ಓಡಿ ತಾನಾಗಿ ನಿಲ್ಲುತ್ತಿತ್ತು. ತಾನು ಓದಿದ ಅಂಕಿಯನ್ನು ಡಬ್ಬಿ ದಾಖಲೆಯಲ್ಲೂ ಇಟ್ಟುಕೊಳ್ಳುತ್ತಿತ್ತು. ತಂತಿ ಬೆಸೆಯಲು ನಾಲ್ಕಾರು ಹುಡುಗಿಯರಿದ್ದರು. ಡಬ್ಬಿಯ ತಲೆಯೊಳಗಿನ ಪ್ರೋಗ್ರಾಮು ಮಾತ್ರ ಜಯಮಾಲಾ ಒಬ್ಬಳದು. ಸಿ ಎಂಬ ಕಂಪ್ಯೂಟರ್ ಭಾಷೆಯಲ್ಲಿ ಆಕೆಯೇ ಬರೆಯುವಳು, ಆಕೆಯೇ ಪರೀಕ್ಷಿಸುವಳು, ತಪ್ಪಿದರೆ ಆಕೆಯೇ ಹುಡುಕುವಳು. ಆಕೆ ಬರೆದ ಒಂದು ಸಾಲನ್ನಾದರೂ ಮತ್ತೊಬ್ಬ ಮನುಷ್ಯ ಓದಿದ್ದಿಲ್ಲ. ದಿನವಿಡೀ ಆಕೆಗೆ ಎದುರುತ್ತರ ಕೊಡುತ್ತಿದ್ದದ್ದು ಬರೆದದ್ದನ್ನು ಯಂತ್ರದ ಭಾಷೆಗೆ ತಿರುಗಿಸುವ ಕಂಪೈಲರ್ ಒಂದೇ, ಅದೂ ತಪ್ಪಾದಾಗ ಮಾತ್ರ.

ತಂತಿ ಬೆಸೆಯುವ ಹುಡುಗಿಯರು ಆಕೆಗೆ ಖಾತ್ರಿ ಮೇಡಮ್ ಎಂದು ಹೆಸರಿಟ್ಟಿದ್ದರು. ಚಹಾ ಬಂದರೆ "ಸಕ್ರಿ ಹಾಕಿಲ್ಲ ಅಲಾ? ಖಾತ್ರಿ?" ಎಂದು ಕೇಳುವವಳು. "ಸಕ್ರಿ ಐತೋ ಇಲ್ಲೋ ಕುಡದ ನೋಡ್ರಿ ಮೇಡಮ್, ಸಾಯಂಗಿಲ್ಲ" ಎಂದು ನಗುತ್ತಿದ್ದರು. ಆಕೆಯೂ ನಗುತ್ತಿದ್ದಳು. ಆಕೆಯ ಅಪ್ಪ ಮೈಲಾರಪ್ಪ ಧಾನ್ಯದ ಪ್ಯಾಟಿಯಲ್ಲಿ ಹಮಾಲಿ ಮಾಡಿದವರು. ಜೋಳ ಅಳೆಯುವಾಗ ಮೊದಲ ಸೇರಿಗೆ ಯಾರೂ ಒಂದು ಎನ್ನುವುದಿಲ್ಲ, ಲಾಭ ಎನ್ನುತ್ತಾರೆ. ಲಾಭ, ಎರಡು, ಮೂರು ಎಂದು ಎಣಿಕೆ ಸಾಗುತ್ತದೆ. ಚಿಕ್ಕವಳಿದ್ದಾಗ ಅಪ್ಪನ ಬುತ್ತಿ ಒಯ್ದು ಅದನ್ನು ಕೇಳುತ್ತ ನಿಂತವಳಿಗೆ ಒಂದು ವಿಷಯ ಅಲ್ಲಿಯೇ ತಿಳಿದಿತ್ತು: ಜನ ಅಂಕಿಯನ್ನು ತಮ್ಮ ರೂಢಿಯಲ್ಲಿ ಹೇಳುತ್ತಾರೆ, ಕೇಳುವವನೇ ಎಚ್ಚರವಿರಬೇಕು. ತಿಳಿದದ್ದೆಲ್ಲ ಕೈಗೆ ಬರುವುದಿಲ್ಲ ಎನ್ನುವುದು ಬೇರೆ ಮಾತು.

ಬೆಂಗೇರಿಯಿಂದ ಆಚೆ ಹೊಲ ಕೊರೆದು ಎಬ್ಬಿಸಿದ ಬಡಾವಣೆಯೊಂದಿದೆ. ನಿವೃತ್ತರು, ಪ್ರಾಧ್ಯಾಪಕರು, ಅಂಗಡಿಕಾರರು. ಊರ ನೀರು ಅಲ್ಲಿಗೆ ಇನ್ನೂ ಮುಟ್ಟಿಲ್ಲ, ಸ್ವಂತ ಬೋರ್‌ವೆಲ್ಲು, ಸ್ವಂತ ಟಾಕಿ, ಸ್ವಂತ ಕಮಿಟಿ. ಅಲ್ಲಿ ನೀರು ಬಿಡುವವರು ಅಬ್ದುಲಮಜೀದರು. ಬಡಾವಣೆಯ ಮೊದಲ ಮನೆ ಕಟ್ಟುವಾಗ ಇಟ್ಟಿಗೆಗೆ ನೀರು ಹೊಡೆಯಲು ಬಂದವರು, ಅಲ್ಲಿಯೇ ಉಳಿದರು. ಯಾವ ಓಣಿಗೆ ಯಾವ ವಾಲ್ವು ಎಷ್ಟು ತಿರುವಬೇಕು ಎನ್ನುವುದು ಅವರ ಮಣಿಕಟ್ಟಿಗೆ ಗೊತ್ತಿತ್ತು. ಡಬ್ಬಿ ಬಂದ ಮೇಲೆ ಅವರಿಗೆ ಪಂಪ್‌ಹೌಸಿನ ಮುಂದೆ ಕೂರುವ ಕೆಲಸ ತಪ್ಪಿತು, ಸಂಜೆ ಮೆಸೇಜು ಹಾಕಿ ನಮಾಜಿಗೆ ಹೋಗಿ ಬರುವಂತಾಯಿತು.

ಈ ಬೇಸಿಗೆಯಲ್ಲಿ ಅವರ ಹಳೆಯ ಒತ್ತುಗುಂಡಿಯ ಫೋನು ಟಾಕಿಯೊಳಗೆ ಬಿತ್ತು. ಹೊಸದು ಕೊಂಡರು, ಬೆರಳು ಸವರುವಂಥದ್ದು. ಅದರಲ್ಲಿ ಕನ್ನಡ ಅಕ್ಷರ, ಕನ್ನಡ ಅಂಕಿ. ಕನ್ನಡ ಸಾಲೆ ಕಲಿತವರು, ಬಹಳ ಖುಷಿಪಟ್ಟರು. ಅದರ ಮರುದಿನವೇ ಸವಣೂರಿನಿಂದ ಸುದ್ದಿ ಬಂತು, ಅಕ್ಕ ತೀರಿಕೊಂಡಿದ್ದಾಳೆ ಎಂದು. ಬಸ್ಸು ಹತ್ತಿದ ಮೇಲೆ ನೀರಿನ ನೆನಪಾಗಿ, ಕಿಟಕಿಯ ಪಕ್ಕ ಕೂತು ಡಬ್ಬಿಗೆ ಎರಡು ತಾಸಿನ ಮೆಸೇಜು ಹಾಕಿದರು: ೨. ಅಷ್ಟೇ. ಆಮೇಲೆ ಫೋನನ್ನು ಕಿಸೆಯಲ್ಲಿಟ್ಟು ಅಳುತ್ತ ಕೂತರು.

ಮೋಟರ್ ರಾತ್ರಿಯಿಡೀ ಓಡಿತು. ಟಾಕಿ ತುಂಬಿ ಹರಿದು ನೀರು ಓಣಿಗಿಳಿಯಿತು. ಬೆಳಗಿನ ಜಾವ ನಳದಲ್ಲಿ ನೀರು ಇನ್ನೂ ಇರುವುದು ಕಂಡು ಮನೆಮನೆಯಲ್ಲೂ ಕೊಡ, ಬಕೀಟು, ಟಬ್ಬು, ಕಾರು ತೊಳೆಯುವ ಪೈಪು. ಒಬ್ಬರೂ ಇದೇನು ಎಂದು ವಿಚಾರಿಸಲಿಲ್ಲ, ಒಂದು ಫೋನು ಮಾಡಲಿಲ್ಲ. ಸಿಕ್ಕ ನೀರಿಗೆ ಕಾರಣ ಕೇಳುವವರು ಯಾರು? ಬೋರ್‌ವೆಲ್ಲು ಬತ್ತಿತು, ಒಣ ಮೋಟರ್ ಸುಟ್ಟಿತು. ಬಾವಿ ಬತ್ತಿದಾಗ ಮೋಟರನ್ನು ತಡೆಯುವ ಸಾಧನ ಬೇರೆಯೇ ಸಿಗುತ್ತಿತ್ತು. ಅದು ದಂಡದ ಖರ್ಚು ಎಂದು ಕಮಿಟಿಯೇ ಬೇಡವೆಂದಿತ್ತು. ಮರುದಿನ ನಳ ಆರಿದಾಗ ಎಲ್ಲರಿಗೂ ಒಮ್ಮೆಲೇ ಅಬ್ದುಲಮಜೀದರ ನೆನಪಾಯಿತು.

ಕಮಿಟಿಯ ಅಧ್ಯಕ್ಷರು ಗುರುಸಿದ್ದಯ್ಯ, ನಿವೃತ್ತ ಪ್ರಾಚಾರ್ಯರು. ಅವರು ರಾಜಶೇಖರನಿಗೆ ಫೋನು ಮಾಡಿದರು. ರಾಜಶೇಖರ ಜಯಮಾಲಾಳನ್ನು ಕರೆದ.

"ಹೋಗಿ ಬರ್ರಿ ಮೇಡಮ್. ಡಬ್ಬಿ ಬರೋಬರಿ ಐತಿ ಅಂತ ನಾಕ ಮಂದಿ ಮುಂದ ಹೇಳಿ ಬರ್ರಿ. ಮುದುಕ ಏನೋ ಒತ್ಯಾನ, ಅಷ್ಟ."

"ಏನ ಒತ್ಯಾರ ಅಂತ ನೋಡಬೇಕಲ್ರಿ ಸರ್."

"ನೋಡ್ರಿ. ನೋಡಿ, ಬರೋಬರಿ ಐತಿ ಅಂತ ಹೇಳ್ರಿ."

ಪಂಪ್‌ಹೌಸಿನ ಮುಂದೆ ಹತ್ತು ಹದಿನೈದು ಜನ ಸೇರಿದ್ದರು. ಅಬ್ದುಲಮಜೀದರು ಸವಣೂರಿನಿಂದ ನೆಟ್ಟಗೆ ಅಲ್ಲಿಗೇ ಬಂದಂತಿತ್ತು, ಮೈಮೇಲೆ ಅಕ್ಕನ ಮೈಯತ್ತಿಗೆ ಮಣ್ಣು ಕೊಟ್ಟು ಬಂದ ಬಟ್ಟೆ. ಫೋನನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಪ್ರತಿಯೊಬ್ಬರ ಮುಂದೆಯೂ ಚಾಚುತ್ತಿದ್ದರು. ಯಾರೂ ನೋಡುತ್ತಿರಲಿಲ್ಲ.

"ನೀವರ ನೋಡ್ರಿ ಬಾಯಾರ" ಎಂದು ಆಕೆಯ ಮುಂದೆ ಹಿಡಿದರು. "ಎರಡ ಅಂತ ಹಾಕೇನೋ ಇಲ್ಲೋ ಹೇಳ್ರಿ."

ಜಯಮಾಲಾ ನೋಡಿದಳು. ಎರಡು ಎಂದೇ ಇತ್ತು. "ಖರೇ ಐತ್ರಿ. ಎರಡ ಹಾಕ್ಯಾರ."

"ಮತ್ತ ಮಿಷನ್ನು ಸುಳ್ಳ ಹೇಳತದೇನವಾ?" ಎಂದರು ಗುರುಸಿದ್ದಯ್ಯ. "ಅದರ ದಾಖಲೆಯೊಳಗ ಸೊನ್ನಿ ಬಂದದ. ಸೊನ್ನಿ ಅಂದ್ರ ನಿಲ್ಲಸು ಅನ್ನೋತನಕ ಓಡು ಅಂತ ನಿಮ್ಮ ರಾಜಶೇಖರನ ನನಗ ಹೇಳಿಕೊಟ್ಟಾನ. ಇವ ಮೊದಲ ಸೊನ್ನಿ ಹಾಕ್ಯಾನ, ಆಮ್ಯಾಲ ಅದನ್ನ ಅಳಿಸ್ಯಾನ, ಎರಡು ಅಂತ ತೋರಸಾಕತ್ಯಾನ."

"ಅಳಸಾಕ ನನಗ ಬರೂದಿಲ್ರಿ ಸರ" ಎಂದರು ಅಬ್ದುಲಮಜೀದರು. "ಈ ಫೋನಿನ್ಯಾಗ ಹಾಕಾಕ ಬಂದದ್ದ ನಿನ್ನಿ ಮೊನ್ನಿ."

ಹಿಂದಿನಿಂದ ಯಾರೋ "ಮದವಿಗಿ ಹೋಗಿದ್ದೋ, ಮೈಯತ್ತಿಗಿ ಹೋಗಿದ್ದೋ?" ಎಂದು ಕೇಳಿದರು. ನಾಲ್ಕು ಜನ ನಕ್ಕರು. ಅಬ್ದುಲಮಜೀದರು ಫೋನನ್ನು ಕಿಸೆಗೆ ಹಾಕಿದರು. ಆಮೇಲೆ ಅದನ್ನು ಹೊರಗೆ ತೆಗೆಯಲಿಲ್ಲ.

ಕೆಲಸದಿಂದ ಬಿಡಿಸಿದ್ದಾಗಿದೆ ಎಂದು ಗುರುಸಿದ್ದಯ್ಯ ಅಲ್ಲಿಯೇ ಹೇಳಿದರು. ಮನುಷ್ಯ ಎರಡು ಎನ್ನುತ್ತಾನೆ, ಯಂತ್ರ ಸೊನ್ನೆ ಎನ್ನುತ್ತದೆ. ಓದಿದವರ ಬಡಾವಣೆ ಯಂತ್ರದ ಮಾತನ್ನು ನಂಬಿತು. ಆ ಯಂತ್ರದೊಳಗೆ ಕೂತು ಸೊನ್ನೆ ಎನ್ನುತ್ತಿದ್ದದ್ದೂ ಒಂದು ಮನುಷ್ಯಜೀವವೇ ಎಂದು ಅವರಿಗೆ ಹೊಳೆಯಲಿಲ್ಲ. ಹೊಳೆದದ್ದು ಜಯಮಾಲಾಳಿಗೆ, ಶೆಡ್ಡಿಗೆ ಮರಳುವ ಬಸ್ಸಿನಲ್ಲಿ.

ಅಕ್ಷರಗಳ ಸಾಲಿನಿಂದ ಸಂಖ್ಯೆಯನ್ನು ತೆಗೆದುಕೊಡಲು ಸಿ ಭಾಷೆಯಲ್ಲಿ ಒಂದು ಹಳೆಯ ಸಿದ್ಧ ಸಾಧನವಿದೆ. ಅದು ಸೋಮಾರಿ ಗುಮಾಸ್ತನಂತೆ. ಎಡದಿಂದ ಓದುತ್ತ ಹೋಗುತ್ತದೆ, ಅಂಕಿಯಲ್ಲದ್ದೇನಾದರೂ ಕಂಡರೆ ಅಲ್ಲಿಗೇ ನಿಂತು, ಅಷ್ಟರೊಳಗೆ ಸಿಕ್ಕದ್ದನ್ನು ಕೈಗೆ ಕೊಟ್ಟುಬಿಡುತ್ತದೆ. ಮುಂದೆ ಇನ್ನೂ ಏನಿತ್ತು ಎಂದು ಹೇಳುವುದಿಲ್ಲ. ಏನೂ ಸಿಗದಿದ್ದರೆ ಸೊನ್ನೆ ಕೊಡುತ್ತದೆ. ಸೊನ್ನೆಯನ್ನೇ ಬರೆದಿದ್ದರೂ ಸೊನ್ನೆಯನ್ನೇ ಕೊಡುತ್ತದೆ. ಎರಡಕ್ಕೂ ಮುಖ ಒಂದೇ. ಜಯಮಾಲಾ ಅದನ್ನು ಬಳಸಿದ್ದಳು. ಆದರೆ ಪೂರ್ತಿ ಕಣ್ಣು ಮುಚ್ಚಿ ಬಳಸಿರಲಿಲ್ಲ. ಮೆಸೇಜಿನ ಮೊದಲ ಅಕ್ಷರ ಅಂಕಿ ಹೌದೋ ಅಲ್ಲವೋ ಎಂದು ನೋಡಿ, ಅಲ್ಲದಿದ್ದರೆ ತಿರಸ್ಕರಿಸುವ ಸಾಲೊಂದನ್ನು ಮೇಲೆ ಇಟ್ಟಿದ್ದಳು. ಬಾಗಿಲಲ್ಲಿ ನಿಂತವನ ಮುಖ ಮಾತ್ರ ನೋಡಿ ಒಳಗೆ ಬಿಟ್ಟ ಹಾಗೆ. ಸೊನ್ನೆ ಬಂದರೆ ಮೋಟರ್ ಸುಮ್ಮನಿರುತ್ತಿತ್ತು, ಹಾಗಾಗಿ ಅಷ್ಟು ದಿನ ಯಾರಿಗೂ ಏನೂ ಆಗಿರಲಿಲ್ಲ. ಆಮೇಲೆ ಒಂದು ಬೇಸಿಗೆಯಲ್ಲಿ ರಾಜಶೇಖರ, "ಗಿರಾಕಿಗಳು ಕೇಳಾಕತ್ತಾರ, ಬಂದ್ ಅನ್ನೋತನಕ ಓಡಬೇಕಂತ, ಸೊನ್ನಿ ಹಾಕಿದ್ರ ಹಂಗ ಮಾಡಿಬಿಡ್ರಿ, ನಾಳಿಗಿ ಬೇಕು" ಎಂದ. ಆಕೆ ಒಂದು ಸಾಲು ಸೇರಿಸಿದಳು. ಹಳೆಯ ಸಾಲೂ ತಪ್ಪೆಂದು ಹೇಳುವಂತಿರಲಿಲ್ಲ, ಹೊಸ ಸಾಲೂ ಹಾಗೆಯೇ. ಎರಡನ್ನೂ ಒಟ್ಟಿಗೆ ಇಟ್ಟು ನೋಡಲು ಆಕೆಗೆ ಹೊತ್ತಿರಲಿಲ್ಲ, ನೋಡಲು ಮತ್ತೊಬ್ಬರಿರಲಿಲ್ಲ.

ಮೇಜಿನ ಮೇಲೆ ಒಂದು ಡಬ್ಬಿ ಇಟ್ಟುಕೊಂಡು ಜಯಮಾಲಾ ತನ್ನ ಫೋನಿನಿಂದ ಕನ್ನಡದ ೨ ಕಳಿಸಿದಳು. ಇಂಗ್ಲಿಷ್ ಅಂಕಿಯನ್ನು ಡಬ್ಬಿಯೊಳಗೆ ಮೆಸೇಜು ಹಿಡಿಯುವ ಮೋಡೆಮ್ಮು ಇದ್ದ ಹಾಗೆಯೇ ಕೊಡುತ್ತದೆ. ಕನ್ನಡದ್ದನ್ನು ಹಾಗೆ ಕೊಡಲು ಅದಕ್ಕೆ ಬರುವುದಿಲ್ಲ. ಆ ಅಕ್ಷರದ ಸಂಕೇತವನ್ನು ಬಿಡಿಸಿ ಕೊಡುತ್ತದೆ. ಪರದೆಯ ಮೇಲೆ ಮೂಡಿತು: ಸೊನ್ನೆ, ಸಿ, ಇ, ಎಂಟು. ಮೊದಲನೆಯದು ಸೊನ್ನೆ. ಸೊನ್ನೆ ಅಂಕಿಯೇ, ಬಾಗಿಲು ದಾಟಿತು. ಎರಡನೆಯದು ಸಿ, ಇಂಗ್ಲಿಷ್ ಅಕ್ಷರ, ಅಂಕಿಯಲ್ಲ. ಗುಮಾಸ್ತ ಅಲ್ಲಿಯೇ ನಿಂತ. ಕೈಗೆ ಕೊಟ್ಟದ್ದು ಸೊನ್ನೆ. ಡಬ್ಬಿಯ ಮೇಲೆ, ಮೋಟರ್ ಚಾಲೂ ಎಂದು ತೋರಿಸುವ ಹಸಿರು ದೀಪ ಹೊತ್ತಿಕೊಂಡು ಹಾಗೇ ಉಳಿಯಿತು.

ಆಕೆ ೫ ಕಳಿಸಿದಳು. ೮ ಕಳಿಸಿದಳು. ಅ ಕಳಿಸಿದಳು. ಎಲ್ಲಕ್ಕೂ ಸೊನ್ನೆ. ಕನ್ನಡದ ಯಾವ ಅಕ್ಷರವನ್ನು ಕಳಿಸಿದರೂ ಅದರ ಸಂಕೇತ ಸೊನ್ನೆಯಿಂದಲೇ ಶುರು. ನವೆಂಬರಿನಲ್ಲಿ ಬಾವುಟ ಕಟ್ಟಿ ಕನ್ನಡ ಅಂಕಿಯನ್ನು ನಂಬರ್ ಪ್ಲೇಟಿಗೆ ಬರೆಸಿಕೊಂಡು ಮೆರೆಯುತ್ತೇವೆ. ಕನ್ನಡ ನೆಲದಲ್ಲಿ, ಕನ್ನಡದವಳು ಬರೆದ, ಕನ್ನಡದವರು ಕೊಂಡ ಡಬ್ಬಿಗೆ ಕನ್ನಡವೆಲ್ಲ ಸೊನ್ನೆ. ಯಾರಾದರೂ ಕನ್ನಡದಲ್ಲಿ ಬರೆದಾರು ಎಂಬ ಅನುಮಾನ ಕೂಡ ನಮಗೆ ಬಂದಿರಲಿಲ್ಲ. ಬರೆದವರು ಅಬ್ದುಲಮಜೀದರು.

ಆಕೆ ರಾಜಶೇಖರನನ್ನು ಕರೆದು ತೋರಿಸಿದಳು. ಅವನು ಹಸಿರು ದೀಪವನ್ನು ನೋಡಿದ, ಡಬ್ಬಿಯ ತಂತಿ ಕಿತ್ತು ಅದನ್ನು ಆರಿಸಿದ. ಕೆಟ್ಟವನಲ್ಲ. ತಿಳಿಯದವನೂ ಅಲ್ಲ.

"ಸರಿ ಮಾಡ್ರಿ" ಎಂದ. "ಸರಿ ಮಾಡಿ ಸುಮ್ನಿರ್ರಿ."

"ಮಜೀದ ಚಾಚಾಗ ಕೆಲಸದಿಂದ ತಗದಾರ್ರಿ ಸರ್."

"ಅದು ಅವರ ಕಮಿಟಿ ವಿಷಯ. ನಾವು ಡಬ್ಬಿ ಮಾರೋರು."

"ಸುಳ್ಳ ಹೇಳ್ಯಾನ ಅಂದಾರ. ಅವರು ಸುಳ್ಳ ಹೇಳಿಲ್ಲ."

"ನೀವು ಹೋಗಿ ನಮ್ಮದ ತಪ್ಪು ಅಂದ್ರ ನಾಳೆ ಮೋಟರ್ ಖರ್ಚು ಯಾರ ಮ್ಯಾಲ ಬರತೈತಿ? ಕುಂದಗೋಳ, ನವಲಗುಂದ, ಕಲಘಟಗಿ, ಎಲ್ಲಾ ಕಡೆ ಇವ ಡಬ್ಬಿ ಅದಾವ. ನಿಮ್ಮ ಒಂದ ಮಾತಿಗೆ ಈ ಹುಡಿಗ್ಯಾರ ಪಗಾರ ನಿಲ್ಲತೈತಿ. ವಿಚಾರ ಮಾಡ್ರಿ."

ಎಲ್ಲ ಅಳುಕಿಗೂ ಇಂಥದೊಂದು ಕರುಣೆಯ ಕಾರಣ ಸಿಕ್ಕೇ ಸಿಗುತ್ತದೆ. ಜಯಮಾಲಾ ವಿಚಾರ ಮಾಡಿದಳು. ವಿಚಾರ ಮಾಡುತ್ತಲೇ ಆ ಭಾಗವನ್ನು ಹೊಸದಾಗಿ ಬರೆದಳು. ಈ ಸಲ ಎಲ್ಲಿಗೆ ಓದಿ ನಿಂತೆ ಎಂದು ಬೆರಳಿಟ್ಟು ತೋರಿಸುವ ಬೇರೆ ಸಾಧನವನ್ನು ಹಿಡಿದಳು. ಬೆರಳು ಸಾಲಿನ ತುದಿಯಲ್ಲಿ ಇದ್ದರೆ ಮಾತ್ರ ಒಪ್ಪಿಗೆ, ನಡುವೆ ಎಲ್ಲೇ ನಿಂತರೂ ತಿರಸ್ಕಾರ. ಖಾಲಿ ಬಂದರೆ ತಿರಸ್ಕಾರ. ಒಂದಕ್ಕಿಂತ ಕಡಿಮೆ, ಆರಕ್ಕಿಂತ ಹೆಚ್ಚು, ಹಿಡಿಸಲಾರದಷ್ಟು ದೊಡ್ಡದು, ಎಲ್ಲವೂ ತಿರಸ್ಕಾರ. ನಿಲ್ಲದೆ ಓಡುವುದಕ್ಕೆ ಸೊನ್ನೆ ಅಲ್ಲ, ಬೇರೆಯೇ ಒಂದು ಪದ. ಕನ್ನಡ ಅಂಕಿಗಳನ್ನು ಮೊದಲೇ ಗುರುತಿಸಿ ಬದಲಿಸಿಕೊಳ್ಳುವ ಒಂದು ಭಾಗ. ತಿಳಿಯದಿದ್ದರೆ ಮೋಟರ್ ಮುಟ್ಟಬಾರದು, ಕಳಿಸಿದವನಿಗೆ "ಅಂಕಿ ತಿಳಿಯಲಿಲ್ಲ" ಎಂದು ಮರಳಿ ಹೇಳಬೇಕು. ಇದರಲ್ಲಿ ಮಹಾ ವಿದ್ಯೆ ಏನೂ ಇಲ್ಲ. ಮೊದಲೇ ಬರೆಯಬಹುದಾಗಿತ್ತು. ಅದೇ ಆಕೆಯನ್ನು ಚುಚ್ಚುತ್ತಿದ್ದದ್ದು.

ಆದಿತ್ಯವಾರ ಬಡಾವಣೆಯಲ್ಲಿ ಹೊಸ ಮೋಟರ್ ಇಳಿಸುವುದಿತ್ತು. ಲ್ಯಾಪ್‌ಟಾಪು ಹೆಗಲಿಗೇರಿಸಿ ಆಕೆ ಹೋದಳು, ಡಬ್ಬಿಗೆ ಹೊಸ ಪ್ರೋಗ್ರಾಮು ತುಂಬಿದಳು. ಆಮೇಲೆ ಕಮಿಟಿಯ ಸಭೆಗೆ ನಡೆದಳು. ಸಭೆ ಕೂಡುವುದು ಬಡಾವಣೆಯ ಗುಡಿಯ ಪಡಸಾಲೆಯಲ್ಲಿ. ಅಬ್ದುಲಮಜೀದರ ಮಾತು ಸುಳ್ಳೋ ಖರೆಯೋ ಎಂದು ತೀರ್ಮಾನವಾಗುವ ಜಾಗಕ್ಕೆ ಅವರನ್ನು ಯಾರೂ ಕರೆದಿರಲಿಲ್ಲ. ಕರೆದಿದ್ದರೂ ಅವರು ಕೂರುವಂಥ ಜಾಗವಲ್ಲ. ಜಯಮಾಲಾ ಮೆಟ್ಟಿಲ ಬಳಿ ನಿಂತುಕೊಂಡೇ ಹೇಳಿದಳು. ಶೆಡ್ಡಿನಿಂದ ತಂದ, ಹಳೆಯ ಪ್ರೋಗ್ರಾಮು ಇನ್ನೂ ಇದ್ದ ಡಬ್ಬಿಗೆ ಫೋನಿನಿಂದ ೨ ಕಳಿಸಿ ತೋರಿಸಿದಳು. ಮೋಡೆಮ್ಮು, ಸಂಕೇತ, ಸೊನ್ನೆ, ಸಿ, ಎಲ್ಲವನ್ನೂ ಬಿಡಿಸಿಟ್ಟಳು. ಅಲ್ಲಿದ್ದವರು ಓದಿದವರು, ಅರ್ಥವಾಗಲು ತಡವಾಗಲಿಲ್ಲ.

"ಹಂಗಾದ್ರ ಅವ ಇಂಗ್ಲಿಷ್ ಅಂಕಿ ಹಾಕಬೇಕಿತ್ತು" ಎಂದರು ಗುರುಸಿದ್ದಯ್ಯ.

ಜಯಮಾಲಾ ಕೈಯಲ್ಲಿದ್ದ ಫೋನನ್ನು ಕೆಳಗಿಳಿಸಿದಳು. "ಹಾಕ್ರಿ ಅಂತ ಅವರಿಗೆ ಯಾರೂ ಹೇಳಿಲ್ರಿ ಸರ. ನಾನೂ ಹೇಳಿಲ್ಲ. ತಿಳೀಲಿಲ್ಲ ಅಂದ್ರ ಡಬ್ಬಿ ಸುಮ್ನಿರಬೇಕಿತ್ತು. ಚಾಲೂ ಮಾಡಿದ್ದು ತಪ್ಪು. ಆ ತಪ್ಪು ನಂದು."

"ನಿಮ್ಮದು ಅಂತೀರಿ. ನಿಮ್ಮ ಕಂಪನಿದು ಅನ್ನೂದಿಲ್ಲ" ಎಂದು ಒಬ್ಬರು ನಕ್ಕರು. "ಶಾಣೇರಿದ್ದೀರಿ."

ಬಹಳ ಮಾತಾದ ಮೇಲೆ ಕಮಿಟಿ ದೊಡ್ಡ ಮನಸ್ಸು ಮಾಡಿತು. ಬದಲಿಗೆ ತಂದಿದ್ದ ಮನುಷ್ಯನಿಗೆ ವಾಲ್ವುಗಳು ಬಗ್ಗುತ್ತಿರಲಿಲ್ಲ, ಕೆಳಗಿನ ಓಣಿಗೆ ನೀರು ಮುಟ್ಟುತ್ತಿರಲಿಲ್ಲ, ಅದೂ ಒಂದು ಕಾರಣ. ಅಬ್ದುಲಮಜೀದ ಬೇಕಾದರೆ ಬರಬಹುದು. ಆದರೆ ಕೆಲಸ ಬಿಟ್ಟು ಊರಿಗೆ ಹೋದದ್ದಕ್ಕೂ, ಹಿರಿಯರ ಮುಂದೆ ಎದುರು ಮಾತಾಡಿದ್ದಕ್ಕೂ ಕ್ಷಮಾಪಣೆ ಕೇಳಬೇಕು. "ನೀನ ಹೇಳಿಬಿಡವಾ ಅವಗ" ಎಂದರು ಗುರುಸಿದ್ದಯ್ಯ. "ನಿನ್ನ ಮಾತು ಕೇಳತಾನ."

ಅಬ್ದುಲಮಜೀದರ ಮನೆ ಬೆಂಗೇರಿಯ ಅಂಚಿನಲ್ಲಿ, ತಗಡಿನ ಮಾಡಿನದು. ಅವರ ಹೆಂಡತಿ ಶರೀಫಾಬಿ ಬಾಗಿಲಲ್ಲಿ ಕೂತು ಅಕ್ಕಿ ಆರಿಸುತ್ತಿದ್ದಳು. ಆಕೆ ಜಯಮಾಲಾಳ ಅಡ್ಡಹೆಸರು ಕೇಳಲಿಲ್ಲ. ಒಂದು ಸ್ಟೂಲ್ ತಂದಿಟ್ಟಳು. ಜಯಮಾಲಾ ನಡೆದದ್ದನ್ನೆಲ್ಲ ಹೇಳಿದಳು, ತಪ್ಪು ತನ್ನದೆಂದು ಹೇಳಿದಳು. ಅಬ್ದುಲಮಜೀದರು ತಲೆ ಆಡಿಸುತ್ತ ಕೇಳಿದರು. ಕ್ಷಮಾಪಣೆಯ ಮಾತು ಬಂದಾಗ ತಲೆ ನಿಂತಿತು.

"ಯಾರ ಕೇಳಬೇಕ್ರಿ?"

ಆಕೆ ಸ್ಟೂಲಿನಿಂದ ಎದ್ದು ನಿಂತಳು.

"ನೀವು ನಿಮ್ಮದ ತಪ್ಪು ಅಂತ ಹೇಳಿದ್ರಿ. ಅವರೂ ಹೌದ ಅಂದ್ರು. ಮತ್ತ ನಾನ ಯಾಕ ಕೇಳಬೇಕ್ರಿ ಬಾಯಾರ?"

"ಕೇಳಬ್ಯಾಡ್ರಿ ಚಾಚಾ. ಅವರು ಹೇಳು ಅಂದ್ರು, ಹೇಳಿದೆ."

"ಕೆಲಸ ಹ್ವಾದ್ರ ಹೋಗವಲ್ದ್ಯಾಕ. ಎಲ್ಲ್ಯರ ವಾಚಮನ್ ಆಗತೇನಿ. ನನ್ನ ಅಕ್ಕನ ಮೈಯತ್ತಿಗಿ ಹೋದಾವ ನಾ. ಓಣ್ಯಾಗ ಹುಡುಗೂರು ಏನಂತಾವ ಗೊತ್ತೈತೇನ್ರಿ? ಸೊನ್ನಿ ಸಾಬ ಬಂದ ಅಂತಾವ."

ಶರೀಫಾಬಿ ಅಕ್ಕಿಯಿಂದ ಕಣ್ಣೆತ್ತದೆ ಹೇಳಿದಳು, "ನೀವು ಗುಡ್ಯಾಗ ಹೇಳಿದ್ರೇನವಾ. ಓಣ್ಯಾಗ ಯಾರ ಹೇಳಬೇಕು?"

ಬಹುಶಃ ಆ ಮಾತೇ ಆಕೆಯ ಮನಸ್ಸಿನಲ್ಲಿ ಉಳಿದಿರಬೇಕು. ಮರುದಿನ ಕೆಲಸಕ್ಕೆ ಹೋಗುವ ಮುಂಚೆ ಜಯಮಾಲಾ ಬಡಾವಣೆಗೆ ಹೋಗಿ ಪಂಪ್‌ಹೌಸಿನ ಬಾಗಿಲಿಗೆ ದಪ್ಪ ಅಕ್ಷರದ ಒಂದು ಹಾಳೆ ಅಂಟಿಸಿದಳು. ಅಬ್ದುಲಮಜೀದ ಅವರು ಸರಿಯಾದ ಅಂಕಿಯನ್ನೇ ಕಳಿಸಿದ್ದರು. ಡಬ್ಬಿಯ ಪ್ರೋಗ್ರಾಮು ಅದನ್ನು ತಪ್ಪಾಗಿ ಓದಿತು. ಆ ಪ್ರೋಗ್ರಾಮು ಬರೆದವಳು ನಾನು. ಅವರ ಕ್ಷಮೆ ಕೇಳುತ್ತೇನೆ. ಯಾರಿಗಾದರೂ ಅನುಮಾನವಿದ್ದರೆ ನನಗೆ ಫೋನು ಮಾಡಿ ಕೇಳಬಹುದು. ಕೆಳಗೆ ಹೆಸರು, ಅಡ್ಡಹೆಸರು, ಫೋನ್ ನಂಬರು. ಅಡ್ಡಹೆಸರನ್ನು ಬಿಡಬಹುದಾಗಿತ್ತು. ಬಿಡಲಿಲ್ಲ.

ಮಧ್ಯಾಹ್ನದೊಳಗೆ ಆ ಹಾಳೆಯ ಫೋಟೋ ಬಡಾವಣೆಯ ವಾಟ್ಸಪ್ ಗುಂಪಿಗೆ ಬಂತು, ಅಲ್ಲಿಂದ ರಾಜಶೇಖರನಿಗೆ. ಅವನು ಕೂಗಾಡಲಿಲ್ಲ. "ನನ್ನ ಕಂಪನಿ ಹೆಸರು ಬರೀಲಿಲ್ಲ, ಅಷ್ಟ ಉಪಕಾರ ಮಾಡಿದ್ರಿ" ಎಂದ. "ನಾಳಿಂದ ಬರಬ್ಯಾಡ್ರಿ ಮೇಡಮ್." ಹೊಸ ಪ್ರೋಗ್ರಾಮು ಶೆಡ್ಡಿನ ಕಂಪ್ಯೂಟರಿನಲ್ಲಿ ಎಲ್ಲಿದೆ, ಉಳಿದ ಊರುಗಳ ಡಬ್ಬಿಗಳಿಗೆ ಅದನ್ನು ಹೇಗೆ ತುಂಬಬೇಕು ಎಂದು ಆಕೆ ಅವನಿಗೆ ಎರಡು ಸಲ ಹೇಳಿದಳು. ಖಾತ್ರಿಗಾಗಿ. ತಂತಿ ಬೆಸೆಯುವ ಹುಡುಗಿಯರು ತಲೆ ಎತ್ತಲಿಲ್ಲ. ಅವರ ಪಗಾರದ ಪ್ರಶ್ನೆ, ಅವರನ್ನು ದೂರಲಾಗದು.

ಆಮೇಲೆ ಜಯಮಾಲಾಳ ಫೋನು ಹೊಡೆದುಕೊಳ್ಳಲು ಶುರುವಾಯಿತು. ವಾರಗಟ್ಟಲೆ ಸುಮ್ಮನೆ ಬಿದ್ದಿರುತ್ತಿದ್ದ ಫೋನು. ಗುರುತಿಲ್ಲದ ಗಂಡಸರು. ಮೋಟರ್ ಖರ್ಚು ನೀನೇ ಕೊಡು ಎನ್ನುವವರು. ಗುಡಿಯ ಸಭೆಗೆ ಯಾರನ್ನು ಕೇಳಿ ಬಂದೆ ಎನ್ನುವವರು. ಸಾಬರ ಪರ ವಹಿಸಲು ನಿನಗೆಷ್ಟು ಸಿಕ್ಕಿತು ಎನ್ನುವವರು. ಹಾಳೆಯಲ್ಲಿದ್ದ ಅಡ್ಡಹೆಸರನ್ನು ಓದಿ, ಅದನ್ನೇ ಬೈಗುಳವಾಗಿ ಉಚ್ಚರಿಸಿ ಫೋನಿಡುವವರು. ಪ್ರತಿಯೊಂದನ್ನೂ ಎತ್ತಿದಳು. ಕೇಳಬಹುದು ಎಂದು ತಾನೇ ಬರೆದಿದ್ದಳಲ್ಲ. ಒಬ್ಬ ಹೆಂಗಸು ಮಾತ್ರ ಫೋನು ಮಾಡಿ, "ನೀವು ಬರೆದದ್ದನ್ನು ಓದಿದೆ" ಎಂದಷ್ಟೇ ಹೇಳಿ, ಮುಂದೆ ಏನು ಹೇಳಬೇಕೋ ತಿಳಿಯದೆ ಇಟ್ಟಳು.

ಹಾಳೆಯನ್ನು ಯಾರೋ ಹರಿದರು. ಅಷ್ಟರೊಳಗೆ ಬಡಾವಣೆಯ ಎಲ್ಲರೂ ಓದಿಯಾಗಿತ್ತು, ಹುಡುಗರು ಕೂಡ. ಕ್ಷಮಾಪಣೆಯ ಮಾತನ್ನು ಕಮಿಟಿ ಮತ್ತೆ ಎತ್ತಲಿಲ್ಲ. ಕೈ ಬಿಟ್ಟೆವೆಂದೂ ಹೇಳಲಿಲ್ಲ. ಕೆಳಗಿನ ಓಣಿಯವರು ಒಂದು ದಿನ ಅಬ್ದುಲಮಜೀದರ ಮನೆಗೇ ಹೋಗಿ, "ನಡೀರಿ ಚಾಚಾ, ನೀರಿಲ್ದ ಸಾಯಾಕತ್ತೇವಿ" ಎಂದು ಕರೆದು ತಂದರು. ಗುರುಸಿದ್ದಯ್ಯ ಎದುರು ಸಿಕ್ಕಾಗ "ಬಂದ್ಯಾ" ಎಂದರಂತೆ. ಅವರ ಕಡೆಯಿಂದ ಬಂದ ಪಶ್ಚಾತ್ತಾಪ ಇಷ್ಟೇ. ತಪ್ಪು ಮಾಡಿದವಳು ಒಪ್ಪಿಕೊಂಡು ಕೆಲಸ ಕಳೆದುಕೊಂಡಳು. ತಪ್ಪು ಹೊರಿಸಿದವರು ನೀರು ಕುಡಿಯುತ್ತಿದ್ದಾರೆ. ಇದಕ್ಕೆ ನ್ಯಾಯ ಎಂದು ಹೆಸರಿಡಲು ನನ್ನ ಕೈ ಬರುವುದಿಲ್ಲ.

ಈಗ ಜಯಮಾಲಾ ಧಾರವಾಡದ ಒಂದು ಕೋಚಿಂಗ್ ಕ್ಲಾಸಿನಲ್ಲಿ ಪರೀಕ್ಷೆಗೆ ಕೂರುವವರಿಗೆ ಸಿ ಕಲಿಸುತ್ತಾಳೆ. ಹೋಗುವಾಗ ಬಸ್ಸು, ಬರುವಾಗ ಬಸ್ಸು. ಬೈಯುವ ಫೋನುಗಳು ನಿಂತು ಹೋದವು. ಅವು ನಿಂತ ದಿನ ಮನೆಯಲ್ಲಿ ಎಂಥ ನಿಶ್ಶಬ್ದ ಕವಿಯಿತೆಂದರೆ, ಫೋನು ಕೆಟ್ಟಿದೆಯೇನೋ ಎಂದು ಆಕೆ ಅದನ್ನು ಎತ್ತಿ ನೋಡಿದಳು.

ಮೊನ್ನೆ ಸಂಜೆ ಅದು ಹೊಡೆದುಕೊಂಡಿತು. ಅಬ್ದುಲಮಜೀದರು.

"ಬಾಯಾರ, ಇದು ಒಲ್ಲೆ ಅಂತೈತ್ರಿ. ಅಂಕಿ ತಿಳಿಯಲಿಲ್ಲ ಅಂತ ನನಗ ಬರದ ಕಳಿಸೇತಿ."

"ಏನ ಹಾಕಿದ್ರಿ ಚಾಚಾ?"

"ಎರಡ ತಾಸು ಅಂತ ಹಾಕಿದೆ. ಅಂಕಿ ಹಾಕಿ, ಮುಂದ ತಾಸು ಅಂತ ಅಕ್ಷರದಾಗ ಬರದೆ. ಚಂದ ಕಾಣ್ಲಿ ಅಂತ."

"ತಾಸು ಬ್ಯಾಡ್ರಿ. ಬರೇ ಅಂಕಿ ಹಾಕ್ರಿ."

"ಮನಿಷ್ಯಾರಿಗಿ ಹೇಳಿದಂಗ ಹೇಳಿದ್ರ ತಿಳಿಯಂಗಿಲ್ಲೇನ್ ಇದಕ?"

"ಇಲ್ರಿ. ಅಷ್ಟ ಶಾಣ್ಯಾ ಮಾಡಿಲ್ಲ ಅದನ್ನ."

"ಮತ್ತ ಮೋಟರ? ಚಾಲೂ ಆಗಿದ್ದೀತೇನು? ನಾ ಇನ್ನೂ ಮನ್ಯಾಗ ಅದೀನಿ."

"ತಿಳೀದಿದ್ರ ಮೋಟರ್ ಮುಟ್ಟಂಗಿಲ್ರಿ ಚಾಚಾ."

"ತಡೀರಿ, ಬರೇ ಎರಡ ಹಾಕತೇನಿ. ಮತ್ತ ಒಲ್ಲೆ ಅಂದ್ರ ಫೋನ್ ಹಚ್ಚತೇನಿ" ಎಂದು ಇಟ್ಟರು.

ಜಯಮಾಲಾ ಒಲೆ ಹೊತ್ತಿಸದೆ, ಫೋನನ್ನು ಕೈಯಲ್ಲೇ ಹಿಡಿದು ಕಿಟಕಿಯ ಬಳಿ ಕೂತಳು. ಹೊರಗೆ ಕತ್ತಲಾಗುತ್ತ ಬಂತು. ಫೋನು ಮತ್ತೆ ಬರಲಿಲ್ಲ. ಅಂದರೆ ನೀರು ಏರುತ್ತಿದೆ.